ಮೆದುಳು, ನರಗಳು, ನಡವಳಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆದುಳಿನ ವಿಷಯ ಬಂದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಅವುಗಳಲ್ಲಿ ಮೇಲಿಂದ ಮೇಲೆ ಕೇಳಿಬರುವವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಯಂತ್ರಣ ಅಂದರೆ ಮೇಲೆ ಕೂತು ಅಪ್ಪಣೆ ಕೊಡುವುದು ಎಂದು ಎಷ್ಟೋ ಜನ ಅಂದುಕೊಂಡಿರುತ್ತಾರೆ. ನರಮಂಡಲದ ಕೆಲಸ ಹಾಗಿಲ್ಲ. ಅಲ್ಲಿ ಮಾಡಿಸುವುದು ಎಷ್ಟು ಮುಖ್ಯವೋ ತಡೆಯುವುದೂ ಅಷ್ಟೇ ಮುಖ್ಯ. ಇದೊಂದು ನೆನಪಿದ್ದರೆ ಮುಂದಿನ ಉತ್ತರಗಳು ಸಲೀಸಾಗಿ ಹಿಡಿತಕ್ಕೆ ಬರುತ್ತವೆ.

ದೇಹವನ್ನೆಲ್ಲ ನಡೆಸುವುದು ಮೆದುಳೊಂದೇನಾ?

ಅಲ್ಲ. ಮೆದುಳು, ಬೆನ್ನುಹುರಿ, ಅವೆರಡರಿಂದ ಮೈತುಂಬ ಹರಡಿಕೊಂಡ ನರಗಳು, ರಕ್ತದಲ್ಲಿ ಓಡಾಡುವ ಹಾರ್ಮೋನುಗಳು, ಎಲ್ಲವೂ ಸೇರಿ ನಡೆಸುತ್ತವೆ. ಮೆದುಳಿನಿಂದ ನೇರವಾಗಿ 12 ಜೋಡಿ ನರಗಳು ಹೊರಡುತ್ತವೆ, ಬೆನ್ನುಹುರಿಯಿಂದ 31 ಜೋಡಿ. ಇವುಗಳಲ್ಲಿ ಕೆಳಗಿಳಿಯುವ ಸಂದೇಶಕ್ಕಿಂತ ಮೈಯಿಂದ ಮೇಲಕ್ಕೆ ಹೋಗುವ ಸುದ್ದಿಯೇ ಜಾಸ್ತಿ.

ಕೆಲಸ ಹಂತ ಹಂತವಾಗಿ ಹಂಚಿಹೋಗಿದೆ. ಥಟ್ಟನೆ ಆಗಬೇಕಾದ ಸಣ್ಣ ಕೆಲಸಗಳನ್ನು ಬೆನ್ನುಹುರಿಯೇ ಮುಗಿಸುತ್ತದೆ. ಉಸಿರು, ರಕ್ತದೊತ್ತಡ, ನುಂಗುವುದು, ಕೆಮ್ಮುವುದು ಬೆನ್ನುಹುರಿಗೆ ಕೂಡಿಕೊಂಡಿರುವ ಮೆದುಳಿನ ಕಾಂಡದ ಪಾಲು. ಅದರ ಮೇಲಿರುವ ಹೈಪೋಥಲಾಮಸ್ ಅನ್ನುವ ಪುಟ್ಟ ಭಾಗ ಹಸಿವು, ಬಾಯಾರಿಕೆ, ಮೈಬಿಸಿ, ಹಾರ್ಮೋನುಗಳನ್ನು ನೋಡಿಕೊಳ್ಳುತ್ತದೆ. ಹಿಂದಲೆಯಲ್ಲಿರುವ ಕಿರುಮೆದುಳು ಚಲನೆಯನ್ನು ನಯಗೊಳಿಸುತ್ತದೆ. ಮಾತು, ಯೋಚನೆ, ಯೋಜನೆಗೆ ಮೆದುಳಿನ ಸುಕ್ಕುಸುಕ್ಕಾದ ಹೊರಪದರ ಬೇಕು.

ಇಷ್ಟೆಲ್ಲ ಮಾಡುವ ಮೆದುಳಿನ ತೂಕ ಸುಮಾರು 1.4 ಕೆ.ಜಿ. ಅಂದರೆ ದೇಹದ ತೂಕದ ಶೇ. 2ರಷ್ಟು. ಆದರೆ ನಾವು ಸುಮ್ನೆ ಕೂತಿದ್ದಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಹೋಗುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಆಶ್ಚರ್ಯ ಅಂದರೆ, ಅವುಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಇರುವುದು ಕಿರುಮೆದುಳಿನಲ್ಲಿ.

ನರಗಳಲ್ಲಿ ಓಡುವುದು ಕರೆಂಟಾ, ರಾಸಾಯನಿಕವಾ?

ಎರಡೂ. ಒಂದು ನರಕೋಶದ ಉದ್ದಕ್ಕೂ ಸಂದೇಶ ವಿದ್ಯುತ್ತಾಗಿ ಓಡುತ್ತದೆ. ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚಾಗಿ ರಾಸಾಯನಿಕವಾಗುತ್ತದೆ.

ಸುಮ್ಮನಿರುವ ನರಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ. ಕೋಶ ಕೆರಳಿದಾಗ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶವಿರುವ ಕಣಗಳು, ಒಳಗೆ ನುಗ್ಗುತ್ತವೆ. ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಇದೆಲ್ಲ ಒಂದೆರಡು ಮಿಲಿಸೆಕೆಂಡಿನ ಕೆಲಸ. ಅಲೆನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಇದನ್ನು ಸ್ಕ್ವಿಡ್ ಅನ್ನುವ ಕಡಲಜೀವಿಯ ಒಂದು ಜಾತಿಯ ದಪ್ಪ ನರತಂತುವಿನಲ್ಲಿ ಅಳೆದು, 1952ರಲ್ಲಿ ಲೆಕ್ಕಸಮೇತ ತೋರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಂತು. ಈ ವಿದ್ಯುತ್ ಮಿಡಿತ ಬಂದರೆ ಪೂರ್ತಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಮೆಲ್ಲಗೆ ಮುಟ್ಟಿದ್ದಕ್ಕೂ ಜೋರಾಗಿ ಒತ್ತಿದ್ದಕ್ಕೂ ವ್ಯತ್ಯಾಸ ತಿಳಿಯುವುದು ಸೆಕೆಂಡಿಗೆ ಎಷ್ಟು ಮಿಡಿತ ಬಂತು, ಎಷ್ಟು ತಂತುಗಳಿಂದ ಬಂತು ಅನ್ನುವುದರ ಮೇಲೆ.

ರಾಸಾಯನಿಕದ ಪಾತ್ರವನ್ನು ತೋರಿಸಿದ್ದು ಆಟೋ ಲೋವಿ, 1921ರಲ್ಲಿ. ಅವರು ಎರಡು ಕಪ್ಪೆಗಳ ಹೃದಯ ತೆಗೆದು ದ್ರಾವಣದಲ್ಲಿ ಇಟ್ಟರು. ಮೊದಲನೆಯದರ ವೇಗಸ್ ನರವನ್ನು (ಮೆದುಳಿನ ಕಾಂಡದಿಂದ ಹೃದಯಕ್ಕೆ ಇಳಿಯುವ ನರ) ಕೆರಳಿಸಿದಾಗ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತ ಇದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದೆ ಅದೂ ನಿಧಾನವಾಯಿತು! ನರದ ತುದಿಯಿಂದ ಏನೋ ಒಂದು ವಸ್ತು ಹೊರಬಂದಿತ್ತು. ಅದು ಅಸಿಟೈಲ್‌ಕೋಲಿನ್ ಎಂದು ಆಮೇಲೆ ಗೊತ್ತಾಯಿತು. ಎರಡು ಹೃದಯ, ಒಂದಿಷ್ಟು ದ್ರವ, ಅಷ್ಟರಲ್ಲೇ ದೊಡ್ಡ ಪ್ರಶ್ನೆಯೊಂದು ಬಗೆಹರಿಯಿತು. ನನಗೆ ಗೊತ್ತಿರುವ ಪ್ರಯೋಗಗಳಲ್ಲಿ ಇಷ್ಟು ಸರಳವಾಗಿ ಮನಸ್ಸಿಗೆ ನಾಟುವವು ಕಡಿಮೆ.

"ತಡೆಯುವ" ನರಕೋಶ ಅಂದರೆ ಏನು?

ಕೆಲವು ನರಕೋಶಗಳು ಮುಂದಿನ ಕೋಶವನ್ನು ಎಬ್ಬಿಸುತ್ತವೆ. ಮೆದುಳಿನಲ್ಲಿ ಇವು ಹೆಚ್ಚಾಗಿ ಗ್ಲುಟಮೇಟ್ ಅನ್ನುವ ರಾಸಾಯನಿಕ ಬಳಸುತ್ತವೆ. ಇನ್ನು ಕೆಲವು ಮುಂದಿನ ಕೋಶವನ್ನು ಸುಮ್ಮನಾಗಿಸುತ್ತವೆ. ಅವುಗಳ ರಾಸಾಯನಿಕ ಮೆದುಳಿನಲ್ಲಿ ಮುಖ್ಯವಾಗಿ ಗಾಬಾ, ಬೆನ್ನುಹುರಿಯಲ್ಲಿ ಅದರ ಜೊತೆಗೆ ಗ್ಲೈಸಿನ್. ಒಂದು ನರಕೋಶಕ್ಕೆ ಸಾವಿರಾರು ಕಡೆಯಿಂದ "ಮಾಡು", "ಬೇಡ" ಎರಡೂ ಬರುತ್ತಿರುತ್ತವೆ. ಅವೆಲ್ಲದರ ಲೆಕ್ಕ ಎತ್ತ ವಾಲುತ್ತದೋ ಅದರಂತೆ ಅದು ಮಿಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ.

"ಬೇಡ" ಅನ್ನುವುದು ಇಲ್ಲವಾದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಧನುರ್ವಾಯು ನೋಡಬೇಕು. ಗಾಯದಲ್ಲಿ ಸೇರಿದ ಬ್ಯಾಕ್ಟೀರಿಯಾದ ವಿಷ ನರಗಳ ಗುಂಟ ಬೆನ್ನುಹುರಿಗೆ ಏರುತ್ತದೆ. ಅಲ್ಲಿ ತಡೆಯುವ ಕೋಶಗಳಿಂದ ಗಾಬಾ, ಗ್ಲೈಸಿನ್ ಹೊರಬರದಂತೆ ಮಾಡುತ್ತದೆ. ಸ್ನಾಯುಗಳಿಗೆ ಹೊಸ ಬಲವೇನೂ ಬಂದಿರುವುದಿಲ್ಲ, ತಡೆ ಹೋಗಿದೆ ಅಷ್ಟೇ. ಅಷ್ಟಕ್ಕೇ ದವಡೆ ಬಿಗಿಯುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆಯುತ್ತದೆ. ತೋಳು ಮಡಚುವ ಸ್ನಾಯು ಎಳೆಯುವಾಗ ಚಾಚುವ ಸ್ನಾಯು ಸಡಿಲವಾಗಬೇಕು. ನಮ್ಮ ಒಂದೊಂದು ಹೆಜ್ಜೆಯೂ ಇಂಥ ತಡೆಯನ್ನೇ ನಂಬಿಕೊಂಡಿದೆ.

ನರದ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ?

ಒಂದೇ ವೇಗ ಇಲ್ಲ. ಕೊಬ್ಬಿನ ಹೊದಿಕೆ ಇರುವ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 120 ಮೀಟರ್‌ವರೆಗೂ ಹೋಗುತ್ತದೆ. ಹೊದಿಕೆ ಇಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದು ಮೀಟರ್ ಆಸುಪಾಸು, ಅಂದರೆ ನಾವು ನಡೆಯುವಷ್ಟು ಕೂಡ ಇಲ್ಲ. 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಮೊದಲ ಬಾರಿ ಅಳೆದಾಗ ಸೆಕೆಂಡಿಗೆ ಸುಮಾರು 27 ಮೀಟರ್ ಸಿಕ್ಕಿತ್ತು.

ಕಾಲ್ಬೆರಳು ಎಡವಿದಾಗ ಇದು ನಿಮಗೇ ತಿಳಿಯುತ್ತದೆ. ತಾಗಿತು ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಚುರುಕ್ಕನೆಯ ನೋವೂ ಆಗಲೇ ಬರುತ್ತದೆ. "ಅಯ್ಯೋ, ಈಗ ಬರುತ್ತೆ" ಎಂದು ಹಲ್ಲು ಕಚ್ಚಿಕೊಳ್ಳುವಷ್ಟು ಹೊತ್ತಾದ ಮೇಲೆ ಆ ದೊಡ್ಡ ಉರಿನೋವು ಬರುತ್ತದಲ್ಲ, ಅದು ನಿಧಾನದ ತಂತುಗಳಲ್ಲಿ ಬಂದದ್ದು.

ಬಿಸಿ ತಾಗಿದಾಗ ಗೊತ್ತಾಗುವ ಮೊದಲೇ ಕೈ ಹಿಂದಕ್ಕೆ ಬರುವುದು ಹೇಗೆ?

ಆ ತೀರ್ಮಾನ ಬೆನ್ನುಹುರಿಯದು. ಚರ್ಮದಿಂದ ಸುದ್ದಿ ಬೆನ್ನುಹುರಿಗೆ ಬರುತ್ತದೆ. ಅಲ್ಲೇ ನಡುವಿನ ಕೋಶಗಳನ್ನು ದಾಟಿ ಸ್ನಾಯುವಿನ ನರಕ್ಕೆ ಹೋಗುತ್ತದೆ, ಕೈ ಹಿಂದೆ ಬರುತ್ತದೆ. ಅದೇ ಸುದ್ದಿಯ ಇನ್ನೊಂದು ಪ್ರತಿ ಮೆದುಳಿಗೂ ಹೋಗುತ್ತದೆ, ಆದರೆ ತಡವಾಗಿ ಮುಟ್ಟುತ್ತದೆ. ಮುಳ್ಳು ತುಳಿದಾಗ ಇನ್ನೂ ಚೆನ್ನಾದ ಕೆಲಸ ನಡೆಯುತ್ತದೆ. ಆ ಕಾಲು ಮೇಲೇಳುವುದರ ಜೊತೆಗೇ ಇನ್ನೊಂದು ಕಾಲು ಗಟ್ಟಿಯಾಗಿ ನಿಂತು ಭಾರ ಹೊರುತ್ತದೆ. ಇಲ್ಲದಿದ್ದರೆ ಬಿದ್ದೇ ಹೋಗುತ್ತಿದ್ದೆವು ಅಲ್ವಾ?

ಮೇಲಿನಿಂದ ಮೆದುಳು ಇದನ್ನೂ ಒಂದು ಮಟ್ಟಿಗೆ ತಡೆಯಬಲ್ಲದು. ಸೂಜಿ ಚುಚ್ಚಿಸಿಕೊಳ್ಳುವಾಗ ತೋಳನ್ನು ಅಲ್ಲಾಡಿಸದೆ ಹಿಡಿಯುತ್ತೀರಲ್ಲ, ಅದೇ.

ಒಂದು ಲೋಟ ಎತ್ತುವಾಗ ಒಳಗೆ ಏನೇನು ನಡೆಯುತ್ತದೆ?

ಕಣ್ಣು ಲೋಟ ಎಲ್ಲಿದೆ, ಎಷ್ಟು ದಪ್ಪ ಎಂದು ನೋಡುತ್ತದೆ. ಕೈ ಇನ್ನೂ ಅರ್ಧದಾರಿಯಲ್ಲಿ ಇರುವಾಗಲೇ ಬೆರಳುಗಳು ಆ ಅಳತೆಗೆ ತೆರೆದುಕೊಂಡಿರುತ್ತವೆ. ಒಮ್ಮೆ ನಿಧಾನವಾಗಿ ಗಮನಿಸಿ, ಲೋಟಕ್ಕೆ ಒಂದು ಥರ, ಪೆನ್ನಿಗೆ ಇನ್ನೊಂದು ಥರ ಇರುತ್ತದೆ.

ಈ ಹೊತ್ತಿಗೆ ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಅನ್ನುವ ಗುಂಪು ತನ್ನ ಪಾಲು ಮುಗಿಸಿರುತ್ತದೆ. ಅದು ಮಾಮೂಲಿಯಾಗಿ ಎಲ್ಲ ಚಲನೆಗಳ ಮೇಲೂ ಬ್ರೇಕ್ ಒತ್ತಿ ಹಿಡಿದಿರುತ್ತದೆ. ಬೇಕಾದ ಒಂದಕ್ಕೆ ಮಾತ್ರ ಬ್ರೇಕ್ ಬಿಡುತ್ತದೆ. ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾದರೆ ಆ ಬ್ರೇಕ್ ಸರಿಯಾಗಿ ಬಿಡುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಆಗುವುದು ಇದೇ. ಏಳಬೇಕು ಅನಿಸುತ್ತದೆ, ಕಾಲಿನಲ್ಲಿ ಬಲವೂ ಇದೆ, ಆದರೆ ಶುರುವೇ ಆಗುವುದಿಲ್ಲ. ಹಂಟಿಂಗ್ಟನ್ ಕಾಯಿಲೆಯಲ್ಲಿ ಉಲ್ಟಾ. ಬ್ರೇಕ್ ಸಡಿಲವಾಗಿ, ಬೇಡದ ಚಲನೆಗಳೆಲ್ಲ ಹೊರಬರುತ್ತವೆ.

ಹೊರಪದರದಿಂದ ಹೊರಟ ಆದೇಶ ಮೆದುಳಿನ ಕಾಂಡದ ಕೆಳತುದಿಯಲ್ಲಿ ಬಹುಪಾಲು ಇನ್ನೊಂದು ಬದಿಗೆ ದಾಟುತ್ತದೆ. ಎಡ ಮೆದುಳಿಗೆ ಪೆಟ್ಟಾದರೆ ಬಲಗೈ ಬಿದ್ದುಹೋಗುವುದು ಇದರಿಂದಲೇ. ಅಲ್ಲಿಂದ ಬೆನ್ನುಹುರಿ, ಅಲ್ಲಿಂದ ಸ್ನಾಯು. ಸ್ನಾಯುವಿನ ಬಳಿ ನರದ ತುದಿ ಅಸಿಟೈಲ್‌ಕೋಲಿನ್ ಬಿಡುತ್ತದೆ, ಸ್ನಾಯು ಕುಗ್ಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಲೋಟದ ಭಾರ ಎಷ್ಟಿರಬಹುದು ಎಂದು ಕಿರುಮೆದುಳು ಮೊದಲೇ ಅಂದಾಜು ಮಾಡಿರುತ್ತದೆ. ತುಂಬಿದೆ ಎಂದುಕೊಂಡು ಖಾಲಿ ಡಬ್ಬಿ ಎತ್ತಿ ನೋಡಿ, ಕೈ ಸರ್ರನೆ ಮೇಲೆ ಹಾರುತ್ತದೆ. ಆ ತಪ್ಪಿದ ಅಂದಾಜೇ ಮುಂದಿನ ಸಲಕ್ಕೆ ಪಾಠ. ಎರಡನೇ ಸಲ ಅದೇ ಡಬ್ಬಿಯನ್ನು ಅಳತೆಗೆ ಸರಿಯಾಗಿ ಎತ್ತುತ್ತೀರಿ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದಕ್ಕೂ ಈ ಅಂದಾಜೇ ಕಾರಣ. ಯಾವ ಸ್ಪರ್ಶ ಬರಲಿದೆ ಎಂದು ಮೆದುಳಿಗೆ ಮೊದಲೇ ಗೊತ್ತಿರುತ್ತದೆ, ಅದರ ತೀವ್ರತೆಯನ್ನು ತಗ್ಗಿಸಿಬಿಡುತ್ತದೆ.

ನಡೆಯುವಾಗ ತಲೆ ಅಷ್ಟು ಅಲ್ಲಾಡಿದರೂ ಕಣ್ಣಿನ ಮುಂದಿನ ದೃಶ್ಯ ಯಾಕೆ ಅಲ್ಲಾಡುವುದಿಲ್ಲ?

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಕ್ಷರಗಳಿರುವ ಹಾಳೆಯೊಂದನ್ನು ಮುಂದೆ ಹಿಡಿದು, ತಲೆಯನ್ನು ಎಡಕ್ಕೂ ಬಲಕ್ಕೂ ಬೇಗಬೇಗ ಅಲ್ಲಾಡಿಸುತ್ತಾ ಓದಿ. ಓದಬಹುದು. ಈಗ ತಲೆಯನ್ನು ಹಾಗೇ ಇಟ್ಟು ಹಾಳೆಯನ್ನು ಅದೇ ವೇಗದಲ್ಲಿ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತದೆ.

ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಕೂಡಲೇ ಹಿಡಿಯುತ್ತವೆ. ಅಲ್ಲಿಂದ ಮೆದುಳಿನ ಕಾಂಡಕ್ಕೆ, ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಕೇವಲ ಮೂರು ನರಕೋಶಗಳ ದಾರಿ. ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ತಲೆಯ ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗುತ್ತದೆ. ಹಾಳೆ ಅಲ್ಲಾಡಿದಾಗ ಆ ದಾರಿ ಸಿಗುವುದಿಲ್ಲ. ಕಣ್ಣು ನೋಡಿ, ಮೆದುಳು ಲೆಕ್ಕ ಹಾಕಿ, ಆಮೇಲೆ ಹಿಂಬಾಲಿಸಬೇಕು. ಅದಕ್ಕೆ ಸುಮಾರು ಹತ್ತು ಪಟ್ಟು ಹೊತ್ತು ಬೇಕು. ಹುಟ್ಟಿದಾಗಿನಿಂದ ಈ ಕೆಲಸ ಎಡೆಬಿಡದೆ ನಡೆಯುತ್ತಿದ್ದರೂ ನಮ್ಮ ಗಮನಕ್ಕೇ ಬಂದಿರುವುದಿಲ್ಲ. ಒಳಕಿವಿಯ ಈ ಭಾಗ ಎರಡೂ ಕಡೆ ಹಾಳಾದವರು ಮಾತ್ರ ನಡೆಯುವಾಗ ಎದುರಿನವರ ಮುಖ ಕುಣಿಯುತ್ತದೆ ಎನ್ನುತ್ತಾರೆ.

ಹೃದಯ ಬಡಿಯಲು ಮೆದುಳಿನ ಆದೇಶ ಬೇಕಾ?

ಬೇಡ. ಹೃದಯದಲ್ಲೇ ಬಡಿತ ಹುಟ್ಟಿಸುವ ಕೋಶಗಳಿವೆ. ಅವನ್ನು ಅವುಗಳ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ 70ರ ಆಸುಪಾಸು ಇರುತ್ತದಲ್ಲ, ಅದು ವೇಗಸ್ ನರ ತಡೆದು ನಿಲ್ಲಿಸಿದ್ದರಿಂದ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಆ ನರ ಕತ್ತರಿಸಿರುತ್ತದೆ. ಅವರ ಹೃದಯ ಸುಮ್ಮನಿರುವಾಗಲೂ ಬೇಗ ಬಡಿಯುತ್ತದೆ.

ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ. ಉಸಿರು ಎಳೆದುಕೊಳ್ಳುವಾಗ ಬಡಿತ ತುಸು ಬೇಗ, ಬಿಡುವಾಗ ತುಸು ನಿಧಾನ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಅದು ತೊಂದರೆಯಲ್ಲ, ವೇಗಸ್ ನರ ಸರಿಯಾಗಿ ಕೆಲಸ ಮಾಡುತ್ತಿರುವ ಗುರುತು. ಗಾಬರಿಯಾದಾಗ ಉಸಿರನ್ನು ಉದ್ದಕ್ಕೆ ಬಿಡಲು ಹೇಳುವುದರ ಹಿಂದೆ ಇದೇ ಇದೆ.

ಉಸಿರು ಕಟ್ಟಿ ಹಿಡಿದರೆ ಕೊನೆಗೆ ಯಾಕೆ ತಡೆಯಲಾಗುವುದಿಲ್ಲ?

ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವುದನ್ನು ಮೆದುಳಿನ ಕಾಂಡ ಗಮನಿಸುತ್ತಿರುತ್ತದೆ. ಆ ಚಡಪಡಿಕೆ ಮುಖ್ಯವಾಗಿ ಅದರಿಂದ ಬರುತ್ತದೆ, ಆಮ್ಲಜನಕ ಮುಗಿದದ್ದರಿಂದಲ್ಲ. ಇಲ್ಲೊಂದು ಅಪಾಯವಿದೆ, ದಯವಿಟ್ಟು ನೆನಪಿಡಿ. ನೀರಿಗೆ ಮುಳುಗುವ ಮೊದಲು ಬೇಗಬೇಗ ಉಸಿರಾಡಿದರೆ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಎಚ್ಚರಿಕೆ ತಡವಾಗುತ್ತದೆ. ಉಸಿರು ಬೇಕು ಅನಿಸುವ ಮೊದಲೇ ಆಮ್ಲಜನಕ ತಗ್ಗಿ, ನೀರಿನೊಳಗೇ ಪ್ರಜ್ಞೆ ತಪ್ಪಿ ಸತ್ತವರಿದ್ದಾರೆ. ಚೆನ್ನಾಗಿ ಈಜು ಬರುವವರೇ ಹೀಗೆ ಸಿಕ್ಕಿಬೀಳುತ್ತಾರೆ.

ಭಯವಾದಾಗ ಬಾಯಿ ಒಣಗಿ, ಹೊಟ್ಟೆ ಕಲಕುವುದು ಯಾಕೆ?

ಮೆದುಳಿನ ಆಳದಲ್ಲಿರುವ ಅಮಿಗ್ಡಲಾ ಅನ್ನುವ ಭಾಗ ಅಪಾಯದ ಸುಳಿವು ಹಿಡಿದು ಹೈಪೋಥಲಾಮಸ್‌ಗೆ ಮುಟ್ಟಿಸುತ್ತದೆ. ಅಲ್ಲಿಂದ, ಮೈಯನ್ನು ತುರ್ತಿಗೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರಗಳು ಚುರುಕಾಗುತ್ತವೆ. ಮೂತ್ರಪಿಂಡಗಳ ಮೇಲಿನ ಅಡ್ರಿನಲ್ ಗ್ರಂಥಿ ಅಡ್ರಿನಾಲಿನ್ ಬಿಡುತ್ತದೆ. ಬಡಿತ ಏರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ರಕ್ತ ಸ್ನಾಯುಗಳ ಕಡೆ ತಿರುಗುತ್ತದೆ. ಜೊಲ್ಲು ಮತ್ತು ಜೀರ್ಣದ ಕೆಲಸ ಸದ್ಯಕ್ಕೆ ನಿಲ್ಲುತ್ತದೆ. ಕಾರ್ಟಿಸಾಲ್ ಹಾರ್ಮೋನ್ ಕೆಲವು ನಿಮಿಷ ತಡವಾಗಿ ಬಂದು ಜಾಸ್ತಿ ಹೊತ್ತು ಉಳಿಯುತ್ತದೆ. ಜಗಳ ಮುಗಿದು ಎಷ್ಟೋ ಹೊತ್ತಾದರೂ ಮನಸ್ಸು ತಿಳಿಯಾಗದಿರುವುದಕ್ಕೆ ಇದೂ ಒಂದು ಕಾರಣ.

ಅಂದಹಾಗೆ, ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮೆದುಳಿನ ಸಂಪರ್ಕ ಕಡಿದರೂ ಅವು ಆಹಾರವನ್ನು ಮುಂದೆ ತಳ್ಳಬಲ್ಲವು.

ಸ್ವಭಾವ ಕೂಡ ಮೆದುಳಿನಲ್ಲೇ ಇದೆಯಾ?

ಫಿನಿಯಸ್ ಗೇಜ್ ಕಥೆಯನ್ನು ಹಲವರು ಕೇಳಿರುತ್ತೀರಿ, ಆದರೆ ಪೂರ್ತಿ ಕೇಳಿರುವವರು ಕಡಿಮೆ. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಒಡೆಯುತ್ತಿದ್ದಾಗ ಮದ್ದು ಸಿಡಿಯಿತು. ಒಂದು ಮೀಟರಿಗೂ ಉದ್ದದ ಕಬ್ಬಿಣದ ಸರಳು ಅವನ ಎಡ ಕೆನ್ನೆಯಿಂದ ಹೊಕ್ಕು ತಲೆಯ ಮೇಲಿಂದ ಹೊರಬಂತು. ಅವನಿಗಾಗ 25 ವರ್ಷ. ಮೆದುಳಿನ ಮುಂಭಾಗ ಜಖಂ ಆಗಿತ್ತು. ಆದರೂ ಬದುಕಿದ, ಮಾತಾಡಿದ, ನಡೆದ. ಆದರೆ ಮೊದಲು ಜವಾಬ್ದಾರಿಯ ಮೇಸ್ತ್ರಿಯಾಗಿದ್ದವನು ಮಾತಿನಲ್ಲಿ ಒರಟಾದ, ನಿರ್ಧಾರಗಳಲ್ಲಿ ಚಂಚಲನಾದ. ಅವನು ಮೊದಲಿನ ಗೇಜ್ ಅಲ್ಲ ಎಂದು ಗೆಳೆಯರು ಹೇಳಿದರೆಂದು ಅವನ ವೈದ್ಯ ಜಾನ್ ಹಾರ್ಲೋ ಬರೆದಿಟ್ಟಿದ್ದಾರೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಅನ್ಯಾಯ. ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ಹೊತ್ತಿಗೆ ಸರಿಯಾಗಿ ಏಳುವುದು, ಕುದುರೆಗಳನ್ನು ಸಂಭಾಳಿಸುವುದು, ಪ್ರಯಾಣಿಕರ ಜೊತೆ ವ್ಯವಹರಿಸುವುದು, ಇದೆಲ್ಲ ಅವನಿಂದ ಆಗುತ್ತಿತ್ತು. ಅಂದರೆ ಅವನು ಸಾಕಷ್ಟು ಸುಧಾರಿಸಿದ್ದ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ.

ಹಣೆಯ ಹಿಂದಿನ ಆ ಭಾಗದ ಒಂದು ಮುಖ್ಯ ಕೆಲಸ ತಡೆಯುವುದು. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವುದು, ಈಗಲೇ ಬೇಕೆನಿಸಿದ್ದನ್ನು ಮುಂದಕ್ಕೆ ಹಾಕುವುದು. ಇದು ಹದವಾಗಿ ಬಲಿಯಲು ಇಪ್ಪತ್ತೈದರ ಆಸುಪಾಸಿನವರೆಗೂ ಹಿಡಿಯುತ್ತದೆ. ಆಸೆ, ರೋಮಾಂಚನದ ಭಾಗಗಳು ಅದಕ್ಕಿಂತ ಬೇಗ ಚುರುಕಾಗುತ್ತವೆ. ಹದಿಹರೆಯದ ಮಕ್ಕಳನ್ನು ಬೈಯುವ ಮೊದಲು ಇದನ್ನು ಒಮ್ಮೆ ನೆನೆಸಿಕೊಳ್ಳಿ. ಕೊನೆಗಾಲದಲ್ಲೂ ಅಷ್ಟೇ. ಮೆದುಳಿನ ಮುಂಭಾಗ ಸವೆಯುವ ಒಂದು ಬಗೆಯ ಡಿಮೆನ್ಷಿಯಾದಲ್ಲಿ ನೆನಪು ಚೆನ್ನಾಗಿದ್ದೂ ನಡವಳಿಕೆ ಕೆಡುತ್ತದೆ. ಮನೆಯವರು "ವಯಸ್ಸಾದ ಮೇಲೆ ನಾಚಿಕೆ ಬಿಟ್ಟರು" ಎಂದು ನೊಂದುಕೊಳ್ಳುತ್ತಾರೆ. ನಡುವಯಸ್ಸಿನ ನಂತರ ಸ್ವಭಾವ ಇದ್ದಕ್ಕಿದ್ದಂತೆ ಬದಲಾದರೆ ಅದು ಕಾಯಿಲೆಯಿರಬಹುದು, ನರರೋಗ ತಜ್ಞರಿಗೆ ತೋರಿಸಬೇಕು.

ಡೋಪಮಿನ್ ಅಂದರೆ ಖುಷಿಯ ರಾಸಾಯನಿಕ ಅಲ್ವಾ?

ಹಾಗೆ ಹೇಳುವುದು ರೂಢಿ, ಆದರೆ ಅದು ಸಾಲದು. ಖುಷಿ ಪಡುವುದಕ್ಕಿಂತ, ಬೇಕು ಅನಿಸುವುದು, ಅದರ ಹಿಂದೆ ಹೋಗುವುದು, ಎಣಿಸಿದ್ದಕ್ಕಿಂತ ಚೆನ್ನಾದದ್ದು ಸಿಕ್ಕಾಗ ಅದನ್ನು ಕಲಿತುಕೊಳ್ಳುವುದು ಅದರ ಕೆಲಸ. ಚಲನೆಗೂ ಅದು ಬೇಕು. ಪಾರ್ಕಿನ್ಸನ್‌ಗೆ ಡೋಪಮಿನ್‌ನಂತೆ ವರ್ತಿಸುವ ಕೆಲವು ಔಷಧಿ ಕೊಟ್ಟಾಗ, ಎಂದೂ ಜೂಜಾಡದ ಕೆಲವರು ಜೂಜಿಗೆ ಬೀಳುತ್ತಾರೆ, ಕೆಲವರು ಕಂಡಕಂಡದ್ದೆಲ್ಲ ಕೊಳ್ಳುತ್ತಾರೆ. ವೈದ್ಯರು ಔಷಧಿ ಬದಲಿಸಿದಾಗ ಅದು ಹೆಚ್ಚಾಗಿ ಇಳಿಯುತ್ತದೆ. ಇಂಥದ್ದು ಕಂಡರೆ ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಬಾರದು.

ನೆನಪು ಎಲ್ಲಿರುತ್ತದೆ?

ಒಂದೇ ಜಾಗದಲ್ಲಿ ಅಲ್ಲ. 1953ರಲ್ಲಿ ಹೆನ್ರಿ ಮೊಲೈಸನ್ ಅನ್ನುವವರಿಗೆ ತೀವ್ರ ಫಿಟ್ಸ್ ಕಾಯಿಲೆಗೆಂದು ಮೆದುಳಿನ ಒಳಗೆ ಎರಡೂ ಬದಿಯಲ್ಲಿರುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ ಬಹುಪಾಲು ತೆಗೆದರು. ಅಂದಿನಿಂದ ಹೊಸ ಘಟನೆ ಯಾವುದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಹಳೆಯ ಬಾಲ್ಯ ನೆನಪಿತ್ತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್‌ಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಕೈ ಚೆನ್ನಾಗಿ ಪಳಗಿತು. ಆದರೆ ಪ್ರತಿ ಸಲವೂ ಅವರಿಗೆ ಅದು ಮೊದಲ ಸಲ! ಘಟನೆಯ ನೆನಪಿಗೆ ಒಂದು ದಾರಿ, ಕೈಚಳಕದ ನೆನಪಿಗೆ ಇನ್ನೊಂದು ದಾರಿ ಎಂದು ಅದರಿಂದ ತಿಳಿಯಿತು. ಮೊಲೈಸನ್ 2008ರವರೆಗೆ ಬದುಕಿದ್ದರು. ಐವತ್ತಕ್ಕೂ ಹೆಚ್ಚು ವರ್ಷ ಅವರು ತಾಳ್ಮೆಯಿಂದ ಸಹಕರಿಸಿದ್ದರಿಂದ ನಮಗೆ ಇಷ್ಟು ಗೊತ್ತಾಗಿದೆ.

ನಾವು ನಿರ್ಧರಿಸುವ ಮೊದಲೇ ಮೆದುಳು ನಿರ್ಧರಿಸಿರುತ್ತದೆ ಅನ್ನುವುದು ನಿಜವಾ?

1983ರಲ್ಲಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗದಿಂದ ಈ ಮಾತು ಹುಟ್ಟಿತು. ಅದರಲ್ಲಿ ಜನ ತಮಗೆ ಬೇಕೆನಿಸಿದಾಗ ಕೈ ಅಲ್ಲಾಡಿಸಬೇಕಿತ್ತು. ಕೈ ಅಲ್ಲಾಡುವ ಸುಮಾರು ಅರ್ಧ ಸೆಕೆಂಡ್ ಮೊದಲೇ ಮೆದುಳಿನ ವಿದ್ಯುತ್ ಏರತೊಡಗಿತ್ತು. "ಈಗ ಮಾಡೋಣ" ಎಂದು ಅನಿಸಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ಆದರೆ ಆ ಏರಿಕೆ ನಿರ್ಧಾರವೇ ಆಗಿರಬೇಕಿಲ್ಲ. ಮೆದುಳಿನಲ್ಲಿ ಸದಾ ಇರುವ ಏರಿಳಿತ ಒಂದು ಮಟ್ಟ ಮುಟ್ಟಿದಾಗ ಚಲನೆ ಹುಟ್ಟುತ್ತದೆ, ಹಿಂದಿರುಗಿ ನೋಡಿದರೆ ಅದು ಏರಿಕೆಯಂತೆ ಕಾಣುತ್ತದೆ ಎಂದು 2012ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಸುಮ್ಮನೆ ಬೆರಳು ಅಲ್ಲಾಡಿಸುವ ಪ್ರಯೋಗದಿಂದ ಬದುಕಿನ ದೊಡ್ಡ ಆಯ್ಕೆಗಳ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ ಎಂದು ನನಗನಿಸುತ್ತದೆ.

ನಾವು ಮೆದುಳಿನ ಶೇ. 10 ಮಾತ್ರ ಬಳಸುತ್ತೇವಾ? ಎಡ ಮೆದುಳಿನವರು, ಬಲ ಮೆದುಳಿನವರು ಎಂದು ಇದ್ದಾರಾ?

ಎರಡೂ ಸುಳ್ಳು. ಮೆದುಳಿನ ಎಲ್ಲ ಭಾಗಗಳಿಗೂ ಕೆಲಸವಿದೆ, ನಿದ್ದೆಯಲ್ಲೂ ಅವು ಸುಮ್ಮನಿರುವುದಿಲ್ಲ. ಮಾತಿನಂಥ ಕೆಲವು ಕೆಲಸಗಳು ಹೆಚ್ಚಿನವರಲ್ಲಿ ಎಡಗಡೆ ಜಾಸ್ತಿ ನಡೆಯುವುದು ನಿಜ. ಆದರೆ ಅದರಿಂದ ಜನರಲ್ಲಿ ಎರಡು ಜಾತಿ ಆಗುವುದಿಲ್ಲ.

ಕನಸಿನಲ್ಲಿ ಓಡುತ್ತೇವೆ, ಕಾಲು ಯಾಕೆ ಅಲ್ಲಾಡುವುದಿಲ್ಲ?

ಎದ್ದುಕಾಣುವ ಕನಸುಗಳು ಬೀಳುವ ಹಂತದಲ್ಲಿ ಮೆದುಳಿನ ಕಾಂಡ ಬೆನ್ನುಹುರಿಯ ಚಲನೆಯ ಕೋಶಗಳನ್ನು ತಡೆದು ಹಿಡಿಯುತ್ತದೆ. ಕಣ್ಣು ಮತ್ತು ಉಸಿರಿನ ಸ್ನಾಯುಗಳಿಗೆ ಮಾತ್ರ ವಿನಾಯಿತಿ. ಎಚ್ಚರವಾದ ಮೇಲೂ ಆ ತಡೆ ಕ್ಷಣಕಾಲ ಉಳಿದರೆ ಮೈ ಕಲ್ಲಾದಂತೆ, ಎದೆ ಮೇಲೆ ಯಾರೋ ಕೂತಂತೆ ಅನಿಸುತ್ತದೆ. ಭಯವಾಗುತ್ತದೆ, ಆದರೆ ಅಪಾಯವಿಲ್ಲ, ತಾನಾಗಿ ಹೋಗುತ್ತದೆ. ಆ ತಡೆಯೇ ಕೆಟ್ಟವರು ಕನಸಿನಲ್ಲಿ ಕಂಡಂತೆ ಕೈಕಾಲು ಬೀಸುತ್ತಾರೆ. ವಯಸ್ಸಾದವರಲ್ಲಿ ಇದು ಶುರುವಾದರೆ ವೈದ್ಯರಿಗೆ ತೋರಿಸಬೇಕು, ಪಾರ್ಕಿನ್ಸನ್‌ಗೆ ವರ್ಷಗಳ ಮುಂಚಿನ ಸೂಚನೆಯೂ ಆಗಿರಬಹುದು.

ಫಿಟ್ಸ್ ಅಂದರೆ ಏನು? ಎದುರಿಗೆ ಯಾರಿಗಾದರೂ ಬಂದರೆ ಏನು ಮಾಡಬೇಕು?

ಅಸಂಖ್ಯ ನರಕೋಶಗಳು ತಡೆ ಮೀರಿ ಒಟ್ಟೊಟ್ಟಿಗೆ ಮಿಡಿಯುವುದೇ ಫಿಟ್ಸ್. ಅದನ್ನು ನಿಲ್ಲಿಸಲು ಕೊಡುವ ಔಷಧಿಗಳಲ್ಲಿ ಕೆಲವು ಗಾಬಾದ ತಡೆಯುವ ಬಲವನ್ನು ಹೆಚ್ಚಿಸುತ್ತವೆ. ಬಿದ್ದವರ ಸುತ್ತ ಚೂಪಾದ ವಸ್ತುಗಳಿದ್ದರೆ ಸರಿಸಿ. ತಲೆ ಕೆಳಗೆ ಮೆತ್ತಗಿನದ್ದು ಇಡಿ. ಆದಷ್ಟು ಬೇಗ ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಏನನ್ನೂ ತುರುಕಬೇಡಿ, ಒತ್ತಿ ಹಿಡಿಯಬೇಡಿ. ಗಡಿಯಾರ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಅಥವಾ ಜೀವನದಲ್ಲಿ ಅದೇ ಮೊದಲ ಸಲವಾದರೆ ಆಂಬುಲೆನ್ಸ್ ಕರೆಯಿರಿ.

ಮನಸ್ಸು ಗಟ್ಟಿ ಮಾಡಿಕೊಂಡರೆ ಖಿನ್ನತೆ ಹೋಗುವುದಿಲ್ಲವಾ?

ಹೋಗುವುದಿಲ್ಲ. ಹಾಗೆ ಹೇಳುವುದರಿಂದ ನೋವು ಜಾಸ್ತಿಯಾಗುತ್ತದೆ. ಖಿನ್ನತೆಯಲ್ಲಿ ನಿದ್ದೆ, ಹಸಿವು, ಗಮನ, ಉತ್ಸಾಹ ಎಲ್ಲವೂ ಕೆಡುತ್ತವೆ. ಇವೆಲ್ಲ ಮೆದುಳು ನಡೆಸುವ ಕೆಲಸಗಳೇ. ಸೆರೊಟೋನಿನ್ ಅನ್ನುವ ಮೆದುಳಿನ ರಾಸಾಯನಿಕ ಕಡಿಮೆಯಾಗುವುದಷ್ಟೇ ಕಾರಣ ಅನ್ನುವುದೂ ತೀರಾ ಸರಳವಾದ ಮಾತು. ವಂಶ, ಬದುಕಿನ ಪೆಟ್ಟುಗಳು, ಒತ್ತಡದ ಹಾರ್ಮೋನುಗಳು ಹೆಣೆದುಕೊಂಡಿರುತ್ತವೆ. ಮಾತಿನ ಚಿಕಿತ್ಸೆ ಮತ್ತು ಔಷಧಿ ಎರಡೂ ಕೆಲಸ ಮಾಡುತ್ತವೆ. ಔಷಧಿಯ ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಕೈಬಿಡಬಾರದು. ಬದುಕುವುದೇ ಬೇಡ ಎಂದು ಯಾರಾದರೂ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೊತೆಯಲ್ಲೇ ಇದ್ದು, ಅವತ್ತೇ ಸಹಾಯಕ್ಕೆ ಕರೆದೊಯ್ಯಿರಿ.

ಕಡಿದ ನರ ಮತ್ತೆ ಬೆಳೆಯುತ್ತದಾ?

ಕೈಕಾಲಿನ ನರಗಳು ಬೆಳೆಯಬಲ್ಲವು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಮೊಣಕೈ ಬಳಿ ಹೊಲಿದ ನರ ಬೆರಳತುದಿ ಮುಟ್ಟಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಬಹುದು. ಮೆದುಳು, ಬೆನ್ನುಹುರಿಯ ಉದ್ದ ತಂತುಗಳು ಹಾಗೆ ಬೆಳೆಯುವುದಿಲ್ಲ. ಆದರೆ ಉಳಿದ ಭಾಗಗಳು ಹೊಸ ಜೋಡಣೆ ಮಾಡಿಕೊಂಡು ಕೆಲಸವನ್ನು ಒಂದಿಷ್ಟು ಹೊರುತ್ತವೆ. ಸ್ಟ್ರೋಕ್ (ಪಾರ್ಶ್ವವಾಯು) ಆದ ಮೇಲೆ ವ್ಯಾಯಾಮ ಬೇಗ ಶುರುಮಾಡಿ, ದಿನವೂ ಮಾಡಿಸುವುದು ಇದಕ್ಕಾಗಿಯೇ.

ಯಾವ ಲಕ್ಷಣ ಕಂಡರೆ ಒಂದು ನಿಮಿಷವೂ ಕಾಯಬಾರದು?

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಮಾತು ತೊದಲುವುದು ಅಥವಾ ಅರ್ಥವಾಗದಿರುವುದು, ಒಂದು ಕಣ್ಣಿನ ದೃಷ್ಟಿ ಹಠಾತ್ತನೆ ಹೋಗುವುದು, ಎಂದೂ ಬಾರದಂಥ ತಲೆನೋವು ಸಿಡಿದಂತೆ ಬರುವುದು. ಇವು ಸ್ಟ್ರೋಕ್ ಇರಬಹುದು. ರಕ್ತ ಹೆಪ್ಪುಗಟ್ಟಿ ಆದ ಸ್ಟ್ರೋಕ್‌ಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮೆದುಳಿನ ಸ್ಕ್ಯಾನ್ ಸೌಲಭ್ಯ ಇರುವ ಆಸ್ಪತ್ರೆಗೇ ನೇರ ಹೋಗಿ. ರೋಗಿ ಕೊನೆಯದಾಗಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ, ವೈದ್ಯರು ಮೊದಲು ಅದನ್ನೇ ಕೇಳುತ್ತಾರೆ. ಊಟ, ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಆಸ್ಪಿರಿನ್ ಕೂಡ ಬೇಡ, ಯಾಕೆಂದರೆ ರಕ್ತಸ್ರಾವದ ಸ್ಟ್ರೋಕ್ ಆಗಿದ್ದರೆ ಅದು ಕೆಡುಕು ಮಾಡುತ್ತದೆ. ಕೆಲವೊಮ್ಮೆ ಈ ಲಕ್ಷಣಗಳು ಹತ್ತು ನಿಮಿಷದಲ್ಲಿ ತಾವಾಗಿ ಹೋಗುತ್ತವೆ. ಆಗಲೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮುಂದಿನ ಕೆಲವೇ ದಿನಗಳಲ್ಲಿ ದೊಡ್ಡ ಸ್ಟ್ರೋಕ್ ಬರುವ ಸಾಧ್ಯತೆ ಆಗ ಜಾಸ್ತಿ ಇರುತ್ತದೆ, ಅದನ್ನು ತಪ್ಪಿಸುವ ಔಷಧಿಗಳಿವೆ.